ಬೇಸಿಗೆಯ ಜಳಕಕ್ಕೆ ತಣ್ಣೀರು ನೆಲದಡಿಯಲ್ಲೇ ಇದೆ

ಫ್ರಿಜ್, ಎಸಿ, ವಾಟರ್ ಕೂಲರ್ ರಿಪೇರಿ ನನ್ನ ಹೊಟ್ಟೆಪಾಡು. ಹುಬ್ಬಳ್ಳಿಯಲ್ಲಿ ಯುಗಾದಿ ಮುಗಿಯಿತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ಗ್ಯಾಸ್ ಹೋಗಿದೆ, ಫ್ಯಾನ್ ತಿರುಗುತ್ತಿಲ್ಲ, ಕೂಲರ್ ಸೋರುತ್ತಿದೆ, ಇವೆಲ್ಲ ಮಾಮೂಲಿ. ಈಗೀಗ ಒಂದು ಹೊಸ ಬೇಡಿಕೆ ಶುರುವಾಗಿದೆ. "ಮಿಸ್ತ್ರಿ, ನಮ್ಮ ಬಚ್ಚಲಕ್ಕ ಒಂದು ತಣ್ಣೀರಿನ ಗೀಸರ್ ಕೂಡಿಸಿ ಕೊಡ್ರಿ."

ಕೇಳುವವರದು ತಪ್ಪಲ್ಲ. ಏಪ್ರಿಲ್ ಮಧ್ಯಾಹ್ನ ಶವರ್ ತಿರುವಿದರೆ ಬೆನ್ನು ಸುಡುತ್ತದೆ. ಚಳಿಗಾಲದಲ್ಲಿ ಕರೆಂಟ್ ಖರ್ಚು ಮಾಡಿ ಪಡೆಯುವ ಬಿಸಿನೀರು ಬೇಸಿಗೆಯಲ್ಲಿ ಪುಕ್ಕಟೆ ಬರುತ್ತದೆ, ಬೇಡವೆಂದರೂ ಬರುತ್ತದೆ. ಆದರೆ ನನ್ನ ಧಂದೆಗೆ ಸ್ವಲ್ಪ ಪೆಟ್ಟು ಬಿದ್ದರೂ ಪರವಾಗಿಲ್ಲ, ಹೇಳಿಬಿಡುತ್ತೇನೆ: ನಮ್ಮ ಕಡೆ ಬಹಳಷ್ಟು ಮನೆಗಳಿಗೆ ನೀರು ತಣಿಸುವ ಮಶೀನ್ ಬೇಕಿಲ್ಲ. ನೀರನ್ನು ನಾವೇ ಮಾಳಿಗೆಗೆ ಹೊತ್ತೊಯ್ದು ಕಾಯಿಸುತ್ತಿದ್ದೇವೆ. ಮೊದಲು ಅದನ್ನು ನಿಲ್ಲಿಸಿದರೆ ಸಾಕು.

ನಮ್ಮ ಮನೆಯಲ್ಲೇ ಅಳೆದು ನೋಡಿದ್ದೇನೆ. ಫ್ರಿಜ್ ಒಳಗೆ ಇಡುವ, ಉದ್ದ ವೈರಿನ ತುದಿಗೆ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್ ಯಾವಾಗಲೂ ನನ್ನ ಚೀಲದಲ್ಲಿ ಇರುತ್ತದೆ. ಹೊರಗೆ 38 ಡಿಗ್ರಿ ಇದ್ದ ದಿನ ಮಧ್ಯಾಹ್ನ ಮೂರಕ್ಕೆ ಮಾಳಿಗೆಯ ಕಪ್ಪು ಟಾಕಿಯಲ್ಲಿ ನೀರಿನ ಮೇಲ್ಭಾಗ 41 ಇತ್ತು, ತಳ 38. ಬಚ್ಚಲ ನಳದಿಂದ ಬಂದ ಮೊದಲ ತಂಬಿಗೆ 48. ಅದೇ ಹೊತ್ತಿಗೆ ಅಂಗಳದ ಸಂಪಿನೊಳಗೆ ವೈರ್ ಇಳಿಬಿಟ್ಟೆ. 28.

ಒಂದೇ ಮನೆ, ಒಂದೇ ನೀರು, 20 ಡಿಗ್ರಿ ಅಂತರ!

ಟಾಕಿಗಿಂತ ನಳದ ನೀರು ಜಾಸ್ತಿ ಬಿಸಿ ಯಾಕೆ ಅಂತ ಅವ್ವ ಕೇಳಿದಳು. ಒಳ್ಳೇ ಪ್ರಶ್ನೆ. ಟಾಕಿಯಿಂದ ಬಚ್ಚಲವರೆಗೆ ಮಾಳಿಗೆಯ ಗಚ್ಚಿನ ಮೇಲೆ ಪೈಪು ಬಿಸಿಲಿಗೆ ಮೈಯೊಡ್ಡಿ ಮಲಗಿರುತ್ತದೆ. ಒಂದಿಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು ಅರ್ಧ ಲೀಟರ್ ನೀರು ನಿಂತಿರುತ್ತದೆ. 12 ಮೀಟರ್ ಪೈಪು ಅಂದರೆ 6 ಲೀಟರ್, ಹತ್ತಿರ ಹತ್ತಿರ ಅರ್ಧ ಬಕೆಟ್. ಐನೂರು ಲೀಟರಿನ ಟಾಕಿ ಕಾಯಲು ಇಡೀ ದಿನ ಬೇಕು, ಈ 6 ಲೀಟರ್ ಕಾಯಲು ಬಹಳ ಹೊತ್ತು ಬೇಡ. ಮೈ ಸುಡುವುದು ಬಹುತೇಕ ಪೈಪಿನ ನೀರೇ. ಜನ ಟಾಕಿಗೆ ನೆರಳು ಮಾಡುತ್ತಾರೆ, ಪೈಪನ್ನು ಮರೆಯುತ್ತಾರೆ.

ಇನ್ನೊಂದು ಮಾತು. ಟಾಕಿಯ ನೀರು ಅತಿ ಬಿಸಿ ಆಗುವುದು ನಡುಮಧ್ಯಾಹ್ನದಲ್ಲಲ್ಲ, ಸಂಜೆ ನಾಲ್ಕೈದರ ಸುಮಾರಿಗೆ. ಅಂದರೆ ನಾವು ಬೆವತು ಕೆಲಸದಿಂದ ಬಂದು ಜಳಕಕ್ಕೆ ಹೊರಡುವ ಹೊತ್ತಿಗೇ. ನಸುಕಿನಲ್ಲಿ ಅದೇ ಟಾಕಿ 27ಕ್ಕೆ ಇಳಿದಿರುತ್ತದೆ, ಆಗ ಯಾರಿಗೂ ಬೇಕಾಗಿರುವುದಿಲ್ಲ.

ಹಳೇ ಮನೆಗಳಲ್ಲಿ ಈ ತಾಪತ್ರಯ ಇರಲಿಲ್ಲ. ಬಚ್ಚಲಲ್ಲೇ ನೆಲಮಟ್ಟದಲ್ಲಿ ನೀರಿನ ತೊಟ್ಟಿ, ಪಕ್ಕದಲ್ಲಿ ಒಲೆ, ಮೇಲೆ ಹಂಡೆ. ತೊಟ್ಟಿಯ ನೀರು ಬಿಸಿಲು ಕಾಣುತ್ತಿರಲಿಲ್ಲ. ಮಹಾನಗರ ಪಾಲಿಕೆಯ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಊರಲ್ಲಿ ಶವರ್ ಬೇಕು, ಫ್ಲಶ್ ಬೇಕು ಅಂದಾಗ ಟಾಕಿ ಮೇಲಕ್ಕೆ ಹೋಯಿತು. ಮಲಪ್ರಭೆಯ ನೀರು ನೆಲದಡಿಯ ಪೈಪಿನಲ್ಲಿ ತಣ್ಣಗೆ ಬಂದು, ಸಂಪಿನಲ್ಲಿ ತಣ್ಣಗೆ ಕೂತು, ಮೋಟರ್ ಹಾಕಿದ ಮೇಲೆ ಬಿಸಿಲಿಗೆ ಹತ್ತುತ್ತದೆ. 2008ರಲ್ಲಿ ಅವಳಿನಗರದ ಕೆಲವು ವಾರ್ಡ್‌ಗಳಿಗೆ 24 ಗಂಟೆ ನೀರು ಶುರುವಾಯಿತಲ್ಲ, ಅಂಥ ಕಡೆ ನೇರ ಲೈನಿನ ನಳ ತಿರುವಿ ನೋಡಿ. ಟಾಕಿಯ ನಳಕ್ಕೂ ಅದಕ್ಕೂ ಕೈಗೇ ವ್ಯತ್ಯಾಸ ಗೊತ್ತಾಗುತ್ತದೆ. ಹಾಗಂತ ಪಾಲಿಕೆಯ ಲೈನಿಗೆ ನೇರ ಮೋಟರ್ ಹಚ್ಚಬೇಡಿ. ಅದು ಕಾನೂನಿಗೂ ವಿರುದ್ಧ, ಪೈಪಿನ ಬಿರುಕಿನಿಂದ ಗಟಾರದ ನೀರನ್ನೂ ಎಳೆದುಕೊಳ್ಳುತ್ತದೆ.

ನೆಲದಡಿ ಯಾಕೆ ತಣ್ಣಗಿರುತ್ತದೆ ಅನ್ನುವುದು ಗುಟ್ಟೇನಲ್ಲ. ಮಣ್ಣಿನ ಮೇಲ್ಪದರ ಹಗಲು ಕಾದು ರಾತ್ರಿ ಆರುತ್ತದೆ. ಕೆಳಗೆ ಹೋದಂತೆ ಆ ಏರಿಳಿತ ಮುಟ್ಟುವುದೇ ಇಲ್ಲ. ಕೆಲವು ಮೀಟರ್ ಕೆಳಗೆ ವರ್ಷವಿಡೀ ಊರಿನ ಸರಾಸರಿ ಉಷ್ಣಾಂಶವೇ ನಿಂತಿರುತ್ತದೆ, ನಮ್ಮಲ್ಲಿ ಸುಮಾರು 25-26. ಲಕ್ಕುಂಡಿಯಲ್ಲಿ ಮಾಣಿಕೇಶ್ವರ ಗುಡಿ ಪಕ್ಕದ ಮುಸುಕಿನ ಬಾವಿಗೆ ಮೇ ತಿಂಗಳಲ್ಲಿ ಒಮ್ಮೆ ಇಳಿದು ನೋಡಿ. ಮೆಟ್ಟಿಲು ಇಳಿದಂತೆ ಝಳ ಮೇಲೆಯೇ ಉಳಿಯುತ್ತದೆ. ಕಲ್ಯಾಣ ಚಾಲುಕ್ಯರ ಕಾಲದವರಿಗೆ ಕಂಪ್ರೆಸರ್ ಅಂಗಡಿ ಇರಲಿಲ್ಲ.

ಹಾಗಾಗಿ ನಮ್ಮ ಬಚ್ಚಲಿಗೆ ನಾನು ಮೂರನೇ ಲೈನ್ ಎಳೆದೆ. ಬಿಸಿ ಒಂದು, ಟಾಕಿಯದು ಒಂದು, ಸಂಪಿನದು ಒಂದು. ಸಂಪಿನ ಬಳಿ ಅರ್ಧ ಎಚ್‌ಪಿಯ ಪ್ರೆಶರ್ ಪಂಪ್. ನಳ ತೆರೆದರೆ ತಾನೇ ಓಡುತ್ತದೆ, ಮುಚ್ಚಿದರೆ ತಾನೇ ನಿಲ್ಲುತ್ತದೆ. ಪೈಪು ಉತ್ತರದ ಗೋಡೆಯಗುಂಟ ಹೋಗುತ್ತದೆ, ಅಲ್ಲಿ ಬಿಸಿಲು ಕಡಿಮೆ. ಅದರ ಮೇಲೆ ಎಸಿಯ ಕಾಪರ್ ಪೈಪಿಗೆ ಹಾಕುವ ಕಪ್ಪು ಫೋಮ್ ತೊಡಿಸಿ, ಮೇಲೆ ಬಿಳಿ ಟೇಪ್ ಸುತ್ತಿದ್ದೇನೆ. ಟೇಪ್ ಇಲ್ಲದಿದ್ದರೆ ಆ ಫೋಮ್ ಬಿಸಿಲಿಗೆ ಪುಡಿಪುಡಿ ಆಗುತ್ತದೆ. ಶವರಿನಲ್ಲಿ ಈಗ ನೀರು 29ಕ್ಕೆ ಬರುತ್ತದೆ. ಹತ್ತು ನಿಮಿಷದ ಜಳಕಕ್ಕೆ ಪಂಪಿನ ಕರೆಂಟು ಒಂದು ಯೂನಿಟ್‌ನ ಹತ್ತನೇ ಒಂದು ಪಾಲಿನೊಳಗೆ. ಹೇಗಿದ್ದರೂ ಆ ನೀರನ್ನು ಮಾಳಿಗೆಗೆ ಏರಿಸಲು ಕರೆಂಟು ಬೇಕಿತ್ತಲ್ವಾ?

29 ಅಂದರೆ ತಣ್ಣಗಾಯಿತೇ ಅಂತ ಕೆಲವರು ಮೂಗು ಮುರಿಯುತ್ತಾರೆ. ನಮ್ಮ ಚರ್ಮವೇ 33-34 ಡಿಗ್ರಿಯ ಸುಮಾರು ಇರುತ್ತದೆ. ಅದಕ್ಕಿಂತ ನಾಲ್ಕೈದು ಡಿಗ್ರಿ ಕಡಿಮೆ ಇದ್ದರೆ ಮೈಗೆ ಹಿತ. ಫ್ರಿಜ್ ನೀರಿನಂಥ 12-15 ಡಿಗ್ರಿ ಸುರಿದುಕೊಂಡರೆ ಚರ್ಮದ ರಕ್ತನಾಳ ಬಿಗಿದುಕೊಂಡು ಒಳಗಿನ ಸೆಕೆ ಹೊರಗೆ ಹೋಗುವುದೇ ಕಷ್ಟ. ಹೊರಬಂದ ಮೇಲೆ ಮತ್ತೆ ಬೆವರು.

ಈ ಕೆಲಸ ಮಾಡಿಸುವವರು ಮೇಸ್ತ್ರಿಗೆ ಎರಡು ವಿಷಯ ಗಟ್ಟಿಯಾಗಿ ಹೇಳಿ. ಸಂಪಿನ ಲೈನನ್ನು ಟಾಕಿಯ ಲೈನಿಗೆ ಸೇರಿಸಬಾರದು. ನಡುವೆ ನಾನ್-ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಇಲ್ಲದೆ ಸೇರಿಸಿದರೆ ಪಂಪಿನ ನೀರು ಶವರಿಗೆ ಬರುವ ಬದಲು ಟಾಕಿಗೆ ಹತ್ತಿ ಕೂರುತ್ತದೆ. ಬೇರೆ ನಳವೇ ಇರಲಿ, ಸುಮ್ನೆ ತಲೆನೋವು ಬೇಡ. ಎರಡನೆಯದು ಫ್ಲೋಟ್ ಸ್ವಿಚ್, ಅಂದರೆ ಸಂಪಿನ ನೀರು ಕೆಳಗಿಳಿದಾಗ ಪಂಪನ್ನು ತಾನೇ ನಿಲ್ಲಿಸುವ ಸ್ವಿಚ್. ನೀರು ಬಿಡುವುದು ಎರಡು ದಿನ ತಡವಾದರೆ ಸಂಪು ತಳ ಕಾಣುತ್ತದೆ. ಆಗ ಪೈಪಿನ ತಳತುದಿಯ ಫುಟ್ ವಾಲ್ವ್ ರಾಡಿ ಎಳೆಯುತ್ತದೆ, ಆಮೇಲೆ ಗಾಳಿ ಎಳೆಯುತ್ತದೆ, ಪಂಪಿನ ಸೀಲ್ ಸುಟ್ಟುಹೋಗುತ್ತದೆ. ಇಂಥ ಪಂಪ್ ಹೊತ್ತು ತರುವವರು ಪ್ರತಿ ಮೇ ತಿಂಗಳಲ್ಲೂ ಇದ್ದಾರೆ. ನಮ್ಮದು ಎರೆಮಣ್ಣು ಬೇರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ, ಸಂಪಿನ ಗೋಡೆಗೆ ಬಿರುಕು ಬರುತ್ತದೆ. ಪಕ್ಕದಲ್ಲೇ ಸೆಪ್ಟಿಕ್ ಗುಂಡಿ ಇದ್ದರೆ ಮೊದಲು ಸಂಪನ್ನು ರಿಪೇರಿ ಮಾಡಿಸಿ, ತಣ್ಣೀರಿನ ಮಾತು ಆಮೇಲೆ.

ಬಾಡಿಗೆ ಮನೆಯವರಿಗೆ ಲೈನ್ ಎಳೆಯಲು ಮಾಲಕರು ಬಿಡುವುದಿಲ್ಲ. ಅಂಥವರಿಗೆ ಬಚ್ಚಲಲ್ಲಿ ತೂಗುಹಾಕಿರುವ ಗೀಸರೇ ಸಾಕು. ಸ್ವಿಚ್ ಆಫ್ ಮಾಡಿ. ನಸುಕಿನಲ್ಲಿ ಎದ್ದಾಗ ಬಿಸಿನೀರಿನ ನಳ ಬಿಟ್ಟು ಎರಡು ಬಕೆಟ್ ತುಂಬಿಕೊಳ್ಳಿ, ಗೀಸರಿನ ಹಳೇ ನೀರು ಹೋಗಿ ಟಾಕಿಯ ನಸುಕಿನ ತಣ್ಣೀರು ಒಳಗೆ ತುಂಬುತ್ತದೆ. ಗೀಸರಿನ ಸುತ್ತ ಇರುವ ಫೋಮಿಗೆ ಬಿಸಿ, ತಂಪು ಅಂತ ಭೇದ ಇಲ್ಲ, ಥರ್ಮಾಸ್ ಫ್ಲಾಸ್ಕಿನ ಹಾಗೆ ಒಳಗಿದ್ದದ್ದನ್ನು ಹಿಡಿದಿಡುತ್ತದೆ. ಸಂಜೆ ಬಂದು ಕೆಂಪು ಗುರುತಿನ ನಳ ತಿರುವಿದರೆ ತಣ್ಣೀರು. 25 ಲೀಟರಿನ ಗೀಸರ್ ಆದರೆ ಒಬ್ಬರ ಜಳಕ ಆರಾಮಾಗಿ ಆಗುತ್ತದೆ. ಅದು ಮುಗಿದಂತೆ ಮೇಲಿನ ಕುದಿನೀರು ಹಿಂದೆಯೇ ಬರುತ್ತದೆ, ಎರಡನೆಯವರಿಗೆ ಅದೃಷ್ಟವಿಲ್ಲ. ನಮ್ಮ ಮನೆಯಾಕೆಯ ತವರಲ್ಲಿ ಈ ಸರದಿಗಾಗಿ ಜಗಳವೇ ನಡೆಯುತ್ತದೆ.

ಮಾಳಿಗೆಯ ಟಾಕಿಗೆ ತಗಡಿನ ನೆರಳು ಮಾಡಿಸುವುದಾದರೆ ಟಾಕಿಗೂ ತಗಡಿಗೂ ನಡುವೆ ಗಾಳಿಯಾಡಲು ಜಾಗ ಬಿಡಿ. ಹೊರಗೆ ಬಿಳಿ, ಒಳಗೆ ಕಪ್ಪು ಪದರ ಇರುವ ಟಾಕಿ ಒಳ್ಳೆಯದು. ಬೆಳಕು ಒಳಗೆ ಹೋಗುವಂಥ ತೆಳು ಬಿಳಿ ಟಾಕಿಯಲ್ಲಿ ಪಾಚಿ ಕಟ್ಟುತ್ತದೆ.

ಗೋಣಿತಟ್ಟಿನ ಉಪಾಯ ಎಲ್ಲರಿಗೂ ಗೊತ್ತು. ಟಾಕಿಗೆ ಸುತ್ತಿ ಒದ್ದೆ ಮಾಡುವುದು. ಮಣ್ಣಿನ ಹರವಿಯ ನೀರು ತಣ್ಣಗಾಗುವುದೂ ಇದೇ ಲೆಕ್ಕ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಅದೆಲ್ಲ ಟಾಕಿಯಿಂದಲೇ ಹೋದರೆ 100 ಲೀಟರ್ ನೀರು ಐದಾರು ಡಿಗ್ರಿ ಇಳಿಯಬೇಕು. ಅಷ್ಟು ಆಗುವುದಿಲ್ಲ, ಒಂದಷ್ಟು ಶಾಖ ಗಾಳಿಯಿಂದಲೇ ಬರುತ್ತದೆ, ಆದರೂ ಕೆಲಸ ಆಗುತ್ತದೆ. ನಮ್ಮ ಒಣಬೇಸಿಗೆ ಇದಕ್ಕೆ ಹೇಳಿಮಾಡಿಸಿದ್ದು. 38 ಡಿಗ್ರಿ ಬಿಸಿಲು, ಗಾಳಿಯಲ್ಲಿ ತೇವ 25 ಶೇಕಡಾ ಇದ್ದಾಗ ಒದ್ದೆ ಬಟ್ಟೆ 22ರ ಸುಮಾರಿನ ತನಕ ತಣಿಯಬಲ್ಲದು. ಮಂಗಳೂರಿನ ಬೆವರಿನ ಸೆಕೆಯಲ್ಲಿ ಇದು ನಡೆಯುವುದಿಲ್ಲ.

ಇದೇ ಕಾರಣಕ್ಕೆ ಹುಲ್ಲಿನ ಪ್ಯಾಡಿನ ಏರ್ ಕೂಲರಿನ ತೊಟ್ಟಿಯ ನೀರು ತಣ್ಣಗಿರುತ್ತದೆ. ಓಣಿಯ ಒಬ್ಬ ಹುಡುಗ ಅದನ್ನೇ ಶವರಿಗೆ ಹಚ್ಚಿಕೊಡಿ ಅಂದ. ಆ ಕೆಲಸ ಮಾಡಬೇಡಿ. ಕೂಲರಿನ ನೀರಲ್ಲಿ ಧೂಳು, ಉಪ್ಪು ಸೇರುತ್ತಾ ಹೋಗುತ್ತದೆ. ಕೂಲರ್ ಬಂದ್ ಇದ್ದಾಗ ಉಗುರುಬೆಚ್ಚಗೆ ನಿಂತ ನೀರಲ್ಲಿ ಲೀಜಿಯೋನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಶವರಿನ ತುಂತುರು ಉಸಿರಿನ ಜತೆ ಒಳಗೆ ಹೋದರೆ ಅದು ನ್ಯುಮೋನಿಯಾ ತರುತ್ತದೆ. ಬದಲಿಗೆ ಹಳೇ ಕಾಪರ್ ಟ್ಯೂಬನ್ನು ಸುರುಳಿ ಮಾಡಿ ಅವನ ಕೂಲರಿನ ತೊಟ್ಟಿಯಲ್ಲಿ ಮುಳುಗಿಸಿದೆ. ಟಾಕಿಯ ನೀರು ಸುರುಳಿಯೊಳಗೆ ಹಾದು ಬಚ್ಚಲಿಗೆ ಹೋಗುತ್ತದೆ, ಎರಡು ನೀರು ಬೆರೆಯುವುದಿಲ್ಲ. ನಳ ಸಣ್ಣಗೆ ಬಿಟ್ಟರೆ ಮೊದಲ ಬಕೆಟ್ ಚೆನ್ನಾಗಿ ತಣ್ಣಗೆ ಬರುತ್ತದೆ. ಎರಡನೆಯದರ ಹೊತ್ತಿಗೆ ಕೂಲರಿನ ನೀರೇ ಬಿಸಿಯಾಗಿ, ರೂಮಿನಲ್ಲಿ ಮಲಗಿದ್ದ ಅವನ ಅಪ್ಪ ಒಳಗಿಂದ ಬೈಯಲು ಶುರು ಮಾಡುತ್ತಾರೆ. ಸುರುಳಿ ಇನ್ನೂ ಅಲ್ಲೇ ಇದೆ.

ಇನ್ನು ಮಶೀನಿನ ಮಾತು. ಶವರಿನಿಂದ ನಿಮಿಷಕ್ಕೆ 8 ಲೀಟರ್ ನೀರು ಬೀಳುತ್ತದೆ ಅಂತಿಟ್ಟುಕೊಳ್ಳಿ. 40ರಿಂದ 28ಕ್ಕೆ ಹರಿಯುತ್ತಿರುವಾಗಲೇ ಇಳಿಸಲು ಹತ್ತಿರ ಹತ್ತಿರ 6.7 ಕಿಲೋವ್ಯಾಟ್ ಶಾಖ ತೆಗೆಯಬೇಕು. ಎಸಿಯ ಒಂದು ಟನ್ ಅಂದರೆ 3.5 ಕಿಲೋವ್ಯಾಟ್. ಅಂದರೆ ಒಂದು ಶವರಿಗೆ ಹೆಚ್ಚುಕಡಿಮೆ ಎರಡು ಟನ್ ಎಸಿ! ಅದಕ್ಕೇ ಗುಂಡಿ ಒತ್ತಿದ ಕೂಡಲೇ ತಣ್ಣೀರು ಕೊಡುತ್ತೇವೆ ಅನ್ನುವ ಸಣ್ಣ ಡಬ್ಬಿಗಳನ್ನು ನಾನು ನಂಬುವುದಿಲ್ಲ. ನೀರನ್ನು ಮೊದಲೇ ತಣಿಸಿ ಕೂಡಿಟ್ಟುಕೊಂಡರೆ ಲೆಕ್ಕ ಬೇರೆ. 100 ಲೀಟರಿನ ಇನ್ಸುಲೇಷನ್ ಇರುವ ಸ್ಟೀಲ್ ಟ್ಯಾಂಕು, ಹೊರಗೆ ಸುತ್ತಿದ ಕಾಯಿಲ್, ಒಂದು ಸಣ್ಣ ಕಂಪ್ರೆಸರ್. ಶಾಲೆ, ಬಸ್ ನಿಲ್ದಾಣಗಳ ವಾಟರ್ ಕೂಲರಿನದೇ ವಿದ್ಯೆ. ಅಷ್ಟು ನೀರನ್ನು 12 ಡಿಗ್ರಿ ಇಳಿಸಲು ಅರ್ಧ ಯೂನಿಟ್ ಕರೆಂಟು ಸಾಕು. ಓಡಿಸುವ ಖರ್ಚು ಕಡಿಮೆ, ಕೂಡಿಸುವ ಖರ್ಚೇ ಜಾಸ್ತಿ. ನೀರಿನಿಂದ ತೆಗೆದ ಶಾಖವನ್ನು ಅದು ಎಲ್ಲಾದರೂ ಉಗುಳಬೇಕು, ಹಾಗಾಗಿ ಬಚ್ಚಲಲ್ಲಾಗಲಿ ಮಲಗುವ ಕೋಣೆಯಲ್ಲಾಗಲಿ ಇಡುವ ಹಾಗಿಲ್ಲ.

ಕೇಶ್ವಾಪುರದ ಕಾಕಾ ಒಬ್ಬರಿಗೆ ಇಷ್ಟೆಲ್ಲ ಹೇಳಿದೆ. ಅವರದು ಮೂರನೇ ಮಹಡಿಯ ಫ್ಲ್ಯಾಟ್. ಸಂಪು ಇಡೀ ಕಟ್ಟಡಕ್ಕೆ ಸೇರಿದ್ದು, ಗೀಸರ್ ಚಿಕ್ಕದು, ಮನೆಯಲ್ಲಿ ಆರು ಜನ. "ಎಲ್ಲಾ ಖರೆ ತಮ್ಮಾ, ಆದರ ನನಗ ಮಶೀನೇ ಬೇಕು" ಅಂದರು. ಅವರ ಮಟ್ಟಿಗೆ ಅದೇ ಸರಿ ಅನಿಸಿತು. ಹಿಂದಿನ ಬಾಲ್ಕನಿಯಲ್ಲಿ ಕೂಡಿಸಿಕೊಟ್ಟೆ. ತಂಪನ್ನು 26ಕ್ಕೆ ಹಚ್ಚಿ ಗುಂಡಿಯ ಮೇಲೆ ಟೇಪ್ ಅಂಟಿಸಿ ಬಂದೆ. ಇಲ್ಲದಿದ್ದರೆ ಮೊಮ್ಮಕ್ಕಳು 10ಕ್ಕೆ ತಿರುವಿಡುತ್ತಾರೆ.

ಆ ಮನೆಯಲ್ಲಿ ಮೊದಲ ದಿನ ನಾನು ಬಿಚ್ಚಿದ್ದು ನೀರಿನ ಪೈಪನ್ನಲ್ಲ, ಸ್ವಿಚ್ ಬೋರ್ಡನ್ನು. ಅರ್ಥಿಂಗ್ ವೈರ್ ಬೋರ್ಡಿನ ತನಕ ಬಂದು ಯಾವುದಕ್ಕೂ ಸೇರದೆ ಬಾಲ ಮಡಚಿಕೊಂಡು ನಿಂತಿತ್ತು. ಸ್ಟೀಲ್ ಟ್ಯಾಂಕು, ಒದ್ದೆ ಮೈ, ಲೋಹದ ಶವರ್, ಇದರ ನಡುವೆ ಕರೆಂಟು. ಅರ್ಥಿಂಗ್ ಸರಿಮಾಡಿಸಿ, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಹಾಕಿಸಿ ಕರೆಯಿರಿ ಅಂತ ಹೇಳಿ ಅವತ್ತು ವಾಪಸ್ ಬಂದಿದ್ದೆ. ಕಾಕಾ ನಾಲ್ಕು ದಿನ ಸಿಟ್ಟಾಗಿದ್ದರು. ಎಲೆಕ್ಟ್ರಿಷಿಯನ್ ಬಂದುಹೋದ ಮೇಲೆ ಟೆಸ್ಟ್ ಬಟನ್ ಒತ್ತಿ, ಅದು ಟಪ್ ಅಂತ ಬಿದ್ದದ್ದನ್ನು ಅವರಿಗೇ ತೋರಿಸಿ, ಆಮೇಲೆ ಟ್ಯಾಂಕು ಮೇಲೆ ಏರಿಸಿದೆ. ಗೀಸರ್ ಇರುವ ಮನೆಯವರೂ ಆ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಎಲೆಕ್ಟ್ರಿಷಿಯನ್‌ನ ಕರೆಯಿರಿ, ನನ್ನನ್ನಲ್ಲ.