ಅಂಬಾಸಿಡರ್ ಸ್ಟಾರ್ಟರ್ ಕೆಲಸ: ಬ್ಯಾಟರಿದು ಏನೂ ತಪ್ಪಿರಲಿಲ್ಲ

ಕಾರು ಕೊನೆಗೂ ಕೀಗೆ ಸ್ಟಾರ್ಟ್ ಆಗುತ್ತಿದೆ. ಹತ್ತರಲ್ಲಿ ಎಂಟು ಸಲ. ಉಳಿದ ಎರಡರ ಕಥೆ ಆಮೇಲೆ.

ನಮ್ಮದು 1984ರ ಅಂಬಾಸಿಡರ್ ಮಾರ್ಕ್ 4. 1489 ಸಿಸಿ ಪೆಟ್ರೋಲ್ ಎಂಜಿನ್. ಬೆಳಿಗ್ಗೆ ತಣ್ಣಗಿದ್ದಾಗ ತಕರಾರಿಲ್ಲ, ಬಿಸಿಯಾದ ಮೇಲೆ ಹಠ. ಹೋದ ತಿಂಗಳು ಪಿ.ಬಿ. ರಸ್ತೆಯಲ್ಲಿ ಬೆಣ್ಣೆ ದೋಸೆ ತಿಂದು ಬಂದು ಕೀ ತಿರುಗಿಸಿದರೆ ಎರಡು ಸಲ ಊಂ ಊಂ ಅಂತ ನರಳಿತು. ಆಮೇಲೆ ಬರೀ ಟಕ್. ದಾವಣಗೆರೆಯಲ್ಲಿ ಹೋಟೆಲ್ ಮುಂದೆ ಗಾಡಿ ನಿಂತರೆ ಸಲಹೆಗೆ ಬರವಿಲ್ಲ. "ಬ್ಯಾಟರಿ ಹೋಗೈತ್ರೀ" ಅಂದರು ಒಬ್ಬರು. ಇನ್ನಿಬ್ಬರು ಒಂದು ಕೈಯಲ್ಲಿ ಮಿರ್ಚಿ ಹಿಡಿದೇ ನೂಕಿದರು. ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ಟೆ, ಎದ್ದಿತು.

ಮಾರನೇ ದಿನವೇ ಹೊಸ ಬ್ಯಾಟರಿ ತಂದೆ. ಮನೆಯಲ್ಲಿ ಮಲ್ಟಿಮೀಟರ್ ಇಟ್ಟುಕೊಂಡು ಅಳೆಯದೇ ದುಡ್ಡು ಸುರಿದಿದ್ದು ನನ್ನದೇ ದಡ್ಡತನ. ಬ್ಯಾಟರಿ 12.6 ವೋಲ್ಟ್ ತೋರಿಸಿತು. ಕಾರು ಅದೇ ಟಕ್.

ಆಮೇಲೆ ಸರಿಯಾಗಿ ಕೂತು ಅಳೆದೆ. ಎಂಜಿನ್ ಎದ್ದೇಳದಿರಲಿ ಅಂತ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಬರುವ ನಡುವಿನ ವೈರ್, ಅಂದರೆ ಕಿಡಿಯ ಕರೆಂಟ್ ಒಯ್ಯುವುದು, ಕಿತ್ತು ಅರ್ತ್ ಮಾಡಿದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ. ತಮ್ಮ ಕೀ ತಿರುಗಿಸಿದ. 1.4 ವೋಲ್ಟ್! ದಾರಿಯಲ್ಲೇ ಕಳೆದುಹೋಗುವ ವೋಲ್ಟ್ ಇದು, ಅರ್ಧ ವೋಲ್ಟಿನೊಳಗೆ ಇರಬೇಕಾದದ್ದು. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್ ಮೇಲೆ ಅಲ್ವಾ, ಸ್ಟಾರ್ಟರ್, ಅಂದರೆ ಎಂಜಿನ್ ಎಬ್ಬಿಸುವ ಮೋಟರ್, ಎಳೆಯುವ ಅಷ್ಟೂ ಕರೆಂಟ್ ಕಾರಿನ ಮೈಗೆ ವಾಪಸ್ ಹೋಗಬೇಕಾದದ್ದು ಒಂದು ಹೆಣೆದ ತಾಮ್ರದ ಪಟ್ಟಿಯಲ್ಲಿ. ಅದು ಹಸಿರುಗಟ್ಟಿ, ಅರ್ಧ ಎಳೆ ಹರಿದಿತ್ತು. ಹೊಸದು ಹಾಕಿದೆ, ಬಣ್ಣ ಕೆರೆದು ಬೋಲ್ಟ್ ಬಿಗಿದೆ. 0.2ಕ್ಕೆ ಇಳಿಯಿತು.

ಗೆದ್ದೆ ಅಂದುಕೊಂಡು ಹರಿಹರದವರೆಗೆ ಹೋಗಿ ಬಂದೆ. ಮನೆ ಮುಂದೆ ನಿಲ್ಲಿಸಿ ಕೀ ತಿರುಗಿಸಿದರೆ ಮತ್ತೆ ಊಂ. ಈ ಸಲ ಮೀಟರನ್ನು ನೇರ ಬ್ಯಾಟರಿಗೇ ಹಿಡಿದೆ. 8.7. ಒಳ್ಳೆ ಬ್ಯಾಟರಿ ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಅಂದರೆ ಮೋಟರೇ ಜಾಸ್ತಿ ಕರೆಂಟ್ ನುಂಗುತ್ತಿದೆ.

ಬ್ಯಾಟರಿ ಕೇಬಲ್ ಬಿಚ್ಚಿಟ್ಟು ಕೆಲಸಕ್ಕೆ ಇಳಿದೆ. ಸ್ಟಾರ್ಟರ್‌ಗೆ ಇರುವುದು ಎರಡೇ ಬೋಲ್ಟ್. ಕೆಳಗಿನದು ಐದು ನಿಮಿಷ. ಮೇಲಿನದು ಕಣ್ಣಿಗೂ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ಒಂದೂವರೆ ಗಂಟೆ, ಎರಡು ಬೆರಳಿನ ಚರ್ಮ ಹೋಯಿತು. ಇಂಚಿನ ಸ್ಪ್ಯಾನರ್ ಬೇಕು. ಎಂಎಂ ಸ್ಪ್ಯಾನರ್ ಹಾಕಿ ಒದ್ದಾಡಿದರೆ ಬೋಲ್ಟಿನ ತಲೆ ಉರುಟಾಗುತ್ತದೆ.

ಬಿಚ್ಚಿದ ಮೋಟರನ್ನು ಚೀಲದಲ್ಲಿ ಹಾಕಿಕೊಂಡು ವೈಂಡಿಂಗ್ ಅಂಗಡಿಗೆ ಹೋದೆ. ಬೇಸಿಗೆ ಬೇರೆ. ಚನ್ನಗಿರಿ ಕಡೆಯ ಅಡಿಕೆ ತೋಟದ ಬೋರ್ ಮೋಟರುಗಳು ಬಾಗಿಲವರೆಗೂ ಮಲಗಿದ್ದವು. "ಇವು ಮುಗೀಲಿ, ಆಮೇಲೆ ನಿಮ್ದು" ಅಂದ ಮೇಸ್ತ್ರಿ. ಎರಡು ಚಹಾ ಆದ ಮೇಲೆ ಮೋಟರಿನೊಳಗೆ ತಿರುಗುವ ಆರ್ಮೇಚರನ್ನು, ಶಾರ್ಟ್ ಹುಡುಕುವ ಗ್ರೌಲರ್ ಮೇಲೆ ಇಟ್ಟ. ಹ್ಯಾಕ್ಸಾ ಬ್ಲೇಡನ್ನು ಅದರ ಮೇಲೆ ಹಗುರಕ್ಕೆ ಹಿಡಿದು, ಆರ್ಮೇಚರನ್ನು ಒಂದೊಂದೇ ಸ್ಲಾಟ್ ತಿರುಗಿಸಿದ. ಸುಮ್ನೆ ಇದ್ದ ಬ್ಲೇಡು ಒಂದು ಕಡೆ ಜೇನುಹುಳದ ಹಾಗೆ ಗುಂಯ್ ಅಂತ ನಡುಗಿತು. "ಇಲ್ಲಿ ಶಾರ್ಟ್ ಆಗೈತಿ ನೋಡ್ರಿ."

ಕಾರಣವೂ ಅಲ್ಲೇ ಕಾಣಿಸಿತು. ಆರ್ಮೇಚರಿನ ತುದಿ ತಿರುಗುವ ಲೋಹದ ಬಳೆ, ಅಂದರೆ ಬುಷ್, ಸವೆದು ತೂತು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಆರ್ಮೇಚರ್ ಜೋತುಬಿದ್ದು ಸುತ್ತಲಿನ ಕಬ್ಬಿಣದ ಪೋಲ್ ಶೂಗೆ ಉಜ್ಜಿ, ಹೊಳೆಯುವ ಗೆರೆ ಎಳೆದಿತ್ತು. ಉಜ್ಜಿ ಉಜ್ಜಿ ಬಿಸಿಯಾಗಿ ಇನ್ಸುಲೇಷನ್ ಸುಟ್ಟಿದೆ. ಪರಿಚಯದವರೆಲ್ಲ ಬೈದಿದ್ದ, ಆರ್ಮೇಚರಿಗೆ ಕರೆಂಟ್ ಮುಟ್ಟಿಸುವ ಬ್ರಷ್‌ಗಳು ನಾಲ್ಕೂ ಅರ್ಧಕ್ಕಿಂತ ಜಾಸ್ತಿ ಉಳಿದಿದ್ದವು, ಪಾಪ.

ಆರ್ಮೇಚರ್ ಸುತ್ತಿಸುವ ಬದಲು ರೀಕಂಡೀಷನ್ ಮಾಡಿದ ಪೂರ್ತಿ ಸ್ಟಾರ್ಟರ್ ತಂದೆ. ಮೊದಲು ಕೊಟ್ಟದ್ದು ನೋಡಲು ಥೇಟ್ ನಮ್ಮದೇ. ತುದಿಯ ಚಿಕ್ಕ ಗೇರು, ಅಂದರೆ ಪಿನಿಯನ್, ಅದರ ಹಲ್ಲು ಎಣಿಸಿದರೆ ಒಂದು ಕಮ್ಮಿ! ಹಳೆಯದನ್ನು ಜೊತೆಗೆ ಒಯ್ದಿದ್ದು ಒಳ್ಳೆಯದಾಯಿತು. ಎರಡನೆಯದು ಸರಿಹೋಯಿತು. ಪಿನಿಯನ್ ಮುಂದಕ್ಕೆ ತಳ್ಳುವ ಬೆಂಡಿಕ್ಸ್‌ಗೆ ಯಾರೋ ಧಾರಾಳವಾಗಿ ಗ್ರೀಸ್ ಮೆತ್ತಿದ್ದರು. ಬೆಂಡಿಕ್ಸ್‌ಗೆ ಗ್ರೀಸ್ ಇರಬಾರದು, ಒಣದಾಗಿಯೇ ಇರಬೇಕು. ಕ್ಲಚ್ಚಿನ ಪುಡಿ, ನಮ್ಮೂರಿನ ಧೂಳು ಎಲ್ಲ ಸೇರಿ ಅಂಟಾದರೆ ಪಿನಿಯನ್ ಮುಂದಕ್ಕೆ ಜಾರುವುದೇ ಇಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಹಾಕಿದೆ.

ಈಗ ಬಿಸಿಯಲ್ಲೂ ಗಿರ್ರನೆ ತಿರುಗುತ್ತದೆ. ಉಳಿದ ಎರಡು ಸಲ ಮೋಟರ್ ಮಾತ್ರ ಸುಯ್ ಅಂತ ತಿರುಗುತ್ತದೆ, ಎಂಜಿನ್ ಅಲುಗುವುದಿಲ್ಲ. ಟಾರ್ಚ್ ಹಾಕಿ ಸ್ಟಾರ್ಟರ್ ತೂತಿನೊಳಗೆ ಇಣುಕಿದೆ. ಎಂಜಿನ್ ತಿರುಗಿಸುತ್ತಾ ನೋಡಿದರೆ ಪಿನಿಯನ್ ಕಚ್ಚಿಕೊಳ್ಳುವ ಫ್ಲೈವೀಲ್ ರಿಂಗ್ ಗೇರಿನ ಹಲ್ಲು ಎದುರುಬದುರಾಗಿ ಎರಡು ಜಾಗದಲ್ಲಿ ಸವೆದಿದೆ. ನಾಲ್ಕು ಸಿಲಿಂಡರಿನ ಎಂಜಿನ್ ಆಫ್ ಮಾಡಿದಾಗ ಹೆಚ್ಚುಕಮ್ಮಿ ಆ ಎರಡು ಕಡೆಯೇ ಬಂದು ನಿಲ್ಲುವುದು. ಪಿನಿಯನ್ ಏಟು ಬೀಳುವುದೂ ಅಲ್ಲಿಗೇ.

ರಿಂಗ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ಆ ಕೆಲಸ ದೀಪಾವಳಿ ಆದ ಮೇಲೆ. ಅಲ್ಲಿಯವರೆಗೆ ಇಗ್ನಿಷನ್ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ, ಇಳಿದು ಕಾರನ್ನು ಒಂದು ಗೇಣು ನೂಕುತ್ತೇನೆ. ಮತ್ತೆ ನ್ಯೂಟ್ರಲ್‌ಗೆ ತಂದು ಕೀ ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ಪಕ್ಕದ ಮನೆಯ ಹುಡುಗನಿಗೆ ಇದು ಆಗಲೇ ಗೊತ್ತಾಗಿದೆ. ನಾನು ಬಾಗಿಲು ತೆಗೆದ ಸದ್ದಾದರೆ ಸಾಕು, ಬಂದು ಡಿಕ್ಕಿಗೆ ಕೈ ಕೊಟ್ಟು ನಿಲ್ಲುತ್ತಾನೆ.