‘ಬಿಲ್’ ಹುಡುಕಿದರೆ ‘ಬೆಲೆ’ ಬರುತ್ತಿತ್ತು: ವರ್ಕ್‌ಸ್ಪೇಸ್ ಕೆಲಸದ ಏಳನೆಯ ಟಿಪ್ಪಣಿ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಹುಡುಕಾಟದ ಪೆಟ್ಟಿಗೆಯಲ್ಲಿ ‘ಬಿಲ್’ ಎಂದು ಬರೆದು ಎಂಟರ್ ಒತ್ತಿದೆ. ಬಿಲ್ಲಿನ ಪುಟಗಳೇ ಬಂದವು. ಕುರ್ಚಿಯಿಂದ ಎದ್ದು ಕೋಣೆಯಲ್ಲಿ ಒಂದು ಸುತ್ತು ಹಾಕಿ ಬಂದು ಮತ್ತೊಮ್ಮೆ ಒತ್ತಿದೆ. ಮತ್ತೆ ಅವೇ ಬಂದವು. ಐದು ವಾರಗಳ ಹಿಂದೆ ಇದೇ ಪೆಟ್ಟಿಗೆ ‘ಬಿಲ್’ ಎಂದರೆ ಬೆಲೆಪಟ್ಟಿಗಳನ್ನೆಲ್ಲ ತಂದು ಸುರಿಯುತ್ತಿತ್ತು. ‘ಗ್ರಾಹಕ’ ಎಂದರೆ ‘ಗ್ರಾಹಕರು’ ಎಂದಿರುವ ಒಂದು ಪುಟವನ್ನೂ ತೋರಿಸುತ್ತಿರಲಿಲ್ಲ.

ಸರ್ವರ್, ಡಾಕರ್, ರಿವರ್ಸ್ ಪ್ರಾಕ್ಸಿ, ರಾತ್ರಿಯ ಬ್ಯಾಕಪ್ ಇವುಗಳ ಬಗ್ಗೆ ಈ ಸಲ ಏನೂ ಬರೆಯುವುದಿಲ್ಲ. ಎಲ್ಲ ನೆಟ್ಟಗೆ ನಡೆಯುತ್ತಿವೆ. ನಮ್ಮದು ಹನ್ನೊಂದು ಜನರ ಕಂಪನಿ. ಕೆಲಸದ ವಿಧಾನಗಳು, ಸಭೆಯ ಟಿಪ್ಪಣಿಗಳು, ಒಪ್ಪಂದಗಳ ಮಾದರಿಗಳು ಒಂದು ಕಡೆ. ಯಾವ ಕೆಲಸ ಯಾರ ಕೈಯಲ್ಲಿದೆ ಎಂದು ತೋರಿಸುವ ಬೋರ್ಡ್ ಇನ್ನೊಂದು ಕಡೆ. ಎರಡನ್ನೂ ಒಂದೇ ಸೂರಿನಡಿ ತಂದು, ಒಂದು ಮುಕ್ತ ತಂತ್ರಾಂಶದ ಮೇಲೆ ವಾರಾಂತ್ಯಗಳಲ್ಲಿ ಕಟ್ಟುತ್ತಿದ್ದೇನೆ. ಮೊದಲು ನಾವು ಬಾಡಿಗೆಗೆ ಪಡೆದಿದ್ದ ಸೇವೆಯಿಂದ ಪುಟಗಳನ್ನು ಹೊರತೆಗೆದ ಕಥೆ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಎಕ್ಸ್‌ಪೋರ್ಟ್ ಮಾಡಿದ ಜಿಪ್ ಕಡತದಲ್ಲಿ ಕನ್ನಡ ಹೆಸರಿನ ಪುಟಗಳೆಲ್ಲ ಸಾಲು ಸಾಲು ಅಡಿಗೆರೆಗಳಾಗಿದ್ದವು. ಯಾವ ಗೆರೆ ಯಾವ ಪುಟ ಎಂದು ಒಂದೊಂದನ್ನೂ ತೆರೆದು ನೋಡಿ ಹೆಸರಿಡಬೇಕಾಯಿತು. ಸಹಾಯ ಕೇಂದ್ರಕ್ಕೆ ಬರೆದಾಗ ಬಂದ ಉತ್ತರ: ‘ಪುಟದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಇಟ್ಟು ಮತ್ತೆ ಪ್ರಯತ್ನಿಸಿ.’ ತಿಂಗಳು ತಿಂಗಳು ಹಣ ಕೊಟ್ಟವರಿಗೆ ಹೇಳುವ ಮಾತೇ ಇದು?

ಈಗ ವಿಷಯಕ್ಕೆ ಬರುತ್ತೇನೆ. ಹೊಸ ವರ್ಕ್‌ಸ್ಪೇಸ್ ಶುರುವಾಗಿ ಎರಡು ತಿಂಗಳಾದರೂ ಜನ ಚಾಟ್‌ನಲ್ಲಿ ಅವೇ ಪ್ರಶ್ನೆಗಳನ್ನು ಕೇಳುತ್ತಿದ್ದರು. ಗ್ರಾಹಕರಿಗೆ ಹಣ ಮರಳಿಸುವ ವಿಧಾನದ ಬಗ್ಗೆ ಮೂರು ಪುಟಗಳು ಹುಟ್ಟಿಕೊಂಡವು, ಮೂರರಲ್ಲಿ ಮೂರು ಬಗೆಯ ಸೂಚನೆ. ಯಾರೂ ಹುಡುಕುವ ಕಷ್ಟ ತೆಗೆದುಕೊಳ್ಳುವುದಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಸೋಮವಾರದ ಸಭೆಯಲ್ಲಿ ಸ್ವಲ್ಪ ಗಡುಸಾಗಿಯೇ ಹೇಳಿದೆ. ಲೆಕ್ಕಪತ್ರ ನೋಡಿಕೊಳ್ಳುವ ಸಹೋದ್ಯೋಗಿ ಸಭೆ ಮುಗಿದ ಮೇಲೆ ನನ್ನನ್ನು ಕರೆದು, ತಮ್ಮ ಪಕ್ಕದ ಕುರ್ಚಿ ತೋರಿಸಿ, ‘ಕುಳಿತು ನೋಡಿ’ ಎಂದರು. ‘ಸಾಲ’ ಎಂದು ಬರೆದರು. ಮುಂಗಡ ಸಾಲದ ನಿಯಮಗಳ ಪುಟ ಬೇಕಿತ್ತು. ಬಂದದ್ದು ರಬ್ಬರ್ ಸೀಲು ಯಾರ ಬಳಿ ಇರಬೇಕು ಎಂಬ ಪುಟ, ಪಟ್ಟಿಯಲ್ಲಿ ಸಾಲುಗಳನ್ನು ಸೇರಿಸುವ ವಿಧಾನ, ಕಳೆದ ವರ್ಷದ ಟೆಂಡರಿನ ಸೋಲಿನ ವಿಶ್ಲೇಷಣೆ. ಅವರು ಬೇಕಾದ ಪುಟವನ್ನು ಹುಡುಕಿ ಹುಡುಕಿ ಸಾಕಾಗಿ ನನ್ನನ್ನು ಕೇಳುತ್ತಿದ್ದರು. ಅಂದೇ ಅವರ ಕ್ಷಮೆ ಕೇಳಿದೆ, ಮರುದಿನ ಉಳಿದವರ ಕ್ಷಮೆಯನ್ನೂ ಕೇಳಿದೆ.

ಮೊದಲ ಎರಡು ವಾರ ತಪ್ಪು ದಾರಿಯಲ್ಲಿ ಹೋದವು. ಯಾವ ಪದ ಯಾವ ಪುಟದಲ್ಲಿದೆ ಎಂದು ತಂತ್ರಾಂಶ ಬರೆದಿಟ್ಟುಕೊಳ್ಳುವ ಸೂಚಿಯನ್ನು ಅಳಿಸಿ ಮತ್ತೆ ಕಟ್ಟಿದೆ, ಅನುಮತಿಗಳನ್ನು ತಿರುವಿಹಾಕಿದೆ, ಹಳೆಯ ಪುಟಗಳಲ್ಲಿ ಏನೋ ಕೆಟ್ಟಿದೆ ಎಂದು ಹೊಸ ಪುಟ ಬರೆದು ನೋಡಿದೆ. ಸುಳಿವು ಕಣ್ಣೆದುರೇ ಇತ್ತು. ಹುಡುಕಿದ ಪದವನ್ನು ಫಲಿತಾಂಶದಲ್ಲಿ ದಪ್ಪಕ್ಷರದಲ್ಲಿ ತೋರಿಸುತ್ತಾರಲ್ಲ, ಅಲ್ಲಿ ‘ಬೆಲೆ’ ಎಂಬ ಪದದ ‘ಬೆಲ’ ಮಾತ್ರ ದಪ್ಪವಾಗಿತ್ತು. ಕೊನೆಯ ಎತ್ವ ಒಂಟಿಯಾಗಿ, ಚುಕ್ಕಿಗಳ ವೃತ್ತವೊಂದನ್ನು ಹೊತ್ತುಕೊಂಡು ಪಕ್ಕದಲ್ಲಿ ನಿಂತಿತ್ತು. ಕನ್ನಡದ ಪಠ್ಯದ ಜೊತೆ ಕೆಲಸ ಮಾಡಿದವರಿಗೆಲ್ಲ ಆ ವೃತ್ತದ ಪರಿಚಯವಿದೆ: ವ್ಯಂಜನದಿಂದ ಅದರ ಚಿಹ್ನೆಯನ್ನು ಯಾರೋ ಕತ್ತರಿಸಿದ್ದಾರೆ ಎಂದು ಅರ್ಥ.

ನಮ್ಮ ತಂತ್ರಾಂಶ ಹುಡುಕಾಟಕ್ಕೆ ಎಸ್‌ಕ್ಯುಲೈಟ್ ಎಂಬ ಡೇಟಾಬೇಸಿನ ಎಫ್‌ಟಿಎಸ್5 ಎಂಬ ಪಠ್ಯ ಹುಡುಕುವ ಭಾಗವನ್ನು ಬಳಸುತ್ತದೆ. ಅದರಲ್ಲಿ ಸೂಚಿಯೊಳಗಿನ ಪದಗಳನ್ನು ಸಾಲಾಗಿ ತೋರಿಸುವ ವೊಕ್ಯಾಬ್ ಕೋಷ್ಟಕವೊಂದಿದೆ. ತೆರೆದು ನೋಡಿದರೆ ಪದಗಳೇ ಇಲ್ಲ, ಬರೀ ಬೋಳು ಅಕ್ಷರಗಳ ರಾಶಿ. ಕಾರಣ ಹೀಗಿದೆ. ಎಲ್ಲ ಲಿಪಿಗಳ ಚಿಹ್ನೆಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಪ್ರತಿ ಚಿಹ್ನೆಗೂ ಒಂದು ವರ್ಗವಿದೆ. ಕ, ಗ, ರ ಇವು ಅಕ್ಷರಗಳ ವರ್ಗಕ್ಕೆ ಸೇರುತ್ತವೆ. ಆದರೆ ಕಾಗುಣಿತದ ಚಿಹ್ನೆಗಳು, ಅನುಸ್ವಾರ, ಹಲಂತ ಇವೆಲ್ಲ ‘ಎಂಎನ್’, ‘ಎಂಸಿ’ ಎಂಬ ಗುರುತುಗಳ ವರ್ಗಗಳಲ್ಲಿವೆ. ಎಫ್‌ಟಿಎಸ್5ರ ಟೋಕನೈಸರ್, ಅಂದರೆ ಪಠ್ಯವನ್ನು ಪದಗಳಾಗಿ ಕತ್ತರಿಸುವ ಭಾಗ, ತಾನಾಗಿ ಪದದ ಭಾಗವೆಂದು ಒಪ್ಪುವುದು ಅಕ್ಷರ, ಅಂಕಿ ಮತ್ತು ಖಾಸಗಿ ಬಳಕೆಯ ಸಂಕೇತಗಳನ್ನು ಮಾತ್ರ. ಉಳಿದದ್ದೆಲ್ಲ ಅದಕ್ಕೆ ಖಾಲಿ ಜಾಗಕ್ಕೆ ಸಮ.

ಹಾಗಾಗಿ ‘ಗ್ರಾಹಕ’ ಎಂಬುದು ಸೂಚಿಯಲ್ಲಿ ಗ, ರ, ಹಕ ಎಂಬ ಮೂರು ಚೂರುಗಳಾಗಿ ಕುಳಿತಿತ್ತು. ‘ಗ್ರಾಹಕರು’ ಎಂಬುದರ ಕೊನೆಯ ಚೂರು ‘ಹಕರ’, ಆದ್ದರಿಂದ ಅದು ಇದಕ್ಕೆ ಹೊಂದುತ್ತಿರಲಿಲ್ಲ. ‘ಬಿಲ್’ ಎಂದರೂ ಬ, ಲ. ‘ಬೆಲೆ’ ಎಂದರೂ ಬ, ಲ. ಸಾಲ, ಸಾಲು, ಸೋಲು, ಸೀಲು ನಾಲ್ಕೂ ಸ, ಲ. ನಮ್ಮ ಭಾಷೆಯ ಸ್ವರಗಳನ್ನೆಲ್ಲ ಒರೆಸಿಹಾಕಿ ಉಳಿದ ಎಲುಬುಗಳಲ್ಲಿ ಹುಡುಕಾಟ ನಡೆಯುತ್ತಿತ್ತು.

ಎಸ್‌ಕ್ಯುಲೈಟ್‌ನವರು ಇದನ್ನು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ, ಯಾವ ವರ್ಗಗಳು ಬೇಕೆಂದು ನಾವೇ ಹೇಳುವ ಆಯ್ಕೆಯನ್ನೂ ಕೊಟ್ಟಿದ್ದಾರೆ. ಪಟ್ಟಿಗೆ ಎಂಎನ್, ಎಂಸಿ ಎರಡನ್ನೂ ಸೇರಿಸಿದರೆ ಮುಗಿಯಿತು. ಕೋಷ್ಟಕ ಹುಟ್ಟುವಾಗಲೇ ಟೋಕನೈಸರ್ ನಿಗದಿಯಾಗುವುದರಿಂದ ಹಳೆಯದನ್ನು ಬೀಳಿಸಿ ಹೊಸದನ್ನು ಕಟ್ಟಬೇಕು, ಬರೀ ಮರುಸೂಚಿ ಸಾಲದು. ನನ್ನ ಮೊದಲ ಎರಡು ವಾರಗಳ ಪ್ರಯತ್ನಗಳೆಲ್ಲ ನಿಷ್ಫಲವಾದದ್ದು ಇದಕ್ಕೇ. ನೀವು ಬೇರೆ ತಂತ್ರಾಂಶ ಬಳಸುತ್ತಿದ್ದರೂ ಒಮ್ಮೆ ಪರೀಕ್ಷಿಸಿ. ಪೈಥಾನ್ ಭಾಷೆಯಲ್ಲಿ ಪಠ್ಯದ ಮಾದರಿಗಳನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಪದದ ಅಕ್ಷರಕ್ಕೆ ಬಳಸುವ ಗುರುತು ಕೂಡ ಕಾಗುಣಿತದ ಚಿಹ್ನೆಯ ಬಳಿ ಬಂದು ನಿಂತುಬಿಡುತ್ತದೆ. ಅದನ್ನು ನಂಬಿ ಬರೆದ ಎಷ್ಟೋ ಉಪಕರಣಗಳಲ್ಲಿ ಇದೇ ಗಾಯ ಇರುತ್ತದೆ.

ಅಲ್ಲಿಗೆ ಗೆದ್ದೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ‘ಸಾಫ್ಟ್‌ವೇರ್ ಪರವಾನಗಿ’ ಸಿಗುತ್ತಿಲ್ಲ ಎಂಬ ಸಂದೇಶ ಬಂತು. ಈ ಪದದಲ್ಲಿ ‘ಟ್’ ಮತ್ತು ‘ವೇ’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿದೆ, ಯೂನಿಕೋಡ್ ಸಂಖ್ಯೆ 8204. ಅದಿಲ್ಲದಿದ್ದರೆ ‘ವ’ ಹೋಗಿ ‘ಟ’ದ ಕೆಳಗೆ ಒತ್ತಾಗಿ ಕೂರುತ್ತದೆ: ಸಾಫ್ಟ್ವೇರ್. ಮೊಬೈಲಿನಲ್ಲಿ ಅವಸರದಲ್ಲಿ ಬರೆಯುವವರು ಆ ಸಂಕೇತವನ್ನು ಹಾಕುವುದಿಲ್ಲ, ಹಾಕಬೇಕಾದ ಕೀಲಿ ಎಲ್ಲಿದೆ ಎಂದು ಹುಡುಕಲು ಯಾರಿಗೂ ಪುರುಸೊತ್ತಿಲ್ಲ. ಹೊಸ ಟೋಕನೈಸರ್ ಕಣ್ಣಿಗೆ ಅದೂ ಖಾಲಿ ಜಾಗವೇ. ಪುಟದಲ್ಲಿ ‘ಸಾಫ್ಟ್’, ‘ವೇರ್’ ಎಂಬ ಎರಡು ಪದ, ಹುಡುಕುವವರ ಕೈಯಲ್ಲಿ ಒಂದೇ ಪದ. ‘ರ‍್ಯಾಂಕ್’ ಬರೆಯಲು ಬೇಕಾಗುವ 8205ರದ್ದೂ ಇದೇ ಕಥೆ.

ಪುಟಗಳಿಂದ ಇವನ್ನು ಅಳಿಸುವಂತಿಲ್ಲ, ಓದಲು ಅಸಹ್ಯವಾಗುತ್ತದೆ. ಅದಕ್ಕೆ ಸೂಚಿಗಾಗಿ ಪಠ್ಯದ ಪ್ರತ್ಯೇಕ ಪ್ರತಿಯೊಂದನ್ನು ಇಟ್ಟೆ. ಆ ಪ್ರತಿಯಿಂದಲೂ, ಹುಡುಕುವವರು ಬರೆದ ಪದದಿಂದಲೂ 8204 ಮತ್ತು 8205 ಎರಡನ್ನೂ ತೆಗೆದುಹಾಕಿ, ಆಮೇಲೆ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬೇರೆ ಬೇರೆ ಬಗೆಯಲ್ಲಿ ಬರೆದ ಒಂದೇ ಅಕ್ಷರವನ್ನು ಒಂದೇ ಬಗೆಗೆ ತರುವ ಯೂನಿಕೋಡ್ ರೂಪಕ್ಕೆ, ತರುತ್ತೇನೆ. ಈ ಕೊನೆಯ ಹೆಜ್ಜೆ ಬಿಡಬೇಡಿ. ಪಿಡಿಎಫ್‌ನಿಂದ ಅಂಟಿಸಿದ ನಮ್ಮ ಒಂದು ಪುಟದಲ್ಲಿ ‘ಕೋ’ ಎಂಬುದು ಎರಡು ಕೋಡ್‌ಪಾಯಿಂಟ್ (ಯೂನಿಕೋಡ್ ಸಂಖ್ಯೆ) ಆಗುವ ಬದಲು ನಾಲ್ಕಾಗಿತ್ತು: ಕ, ಎತ್ವ, ಊತ್ವ, ದೀರ್ಘದ ಗುರುತು. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಪ್ರತ್ಯೇಕ ಪ್ರತಿಯಿಂದಾಗಿ ದಪ್ಪಕ್ಷರದ ಸ್ಥಾನಗಳು ಈಗ ತಾಳೆಯಾಗುತ್ತಿಲ್ಲ. ಸದ್ಯಕ್ಕೆ ದಪ್ಪಕ್ಷರವನ್ನೇ ನಿಲ್ಲಿಸಿದ್ದೇನೆ.

ಅಂಟಿಸಿದ ಪಠ್ಯದ ಮಾತು ಬಂದಾಗ ಮುಂದಿನ ಯೋಜನೆಯನ್ನು ಹೇಳದೆ ಇರಲಾರೆ. ಯೂನಿಕೋಡ್‌ಗೆ ಮೊದಲಿನ ಫಾಂಟುಗಳಲ್ಲಿ ಬರೆದ ಹಳೆಯ ಪತ್ರಗಳ ದೊಡ್ಡ ಕಟ್ಟೇ ನಮ್ಮಲ್ಲಿದೆ. ಅವುಗಳೊಳಗೆ ಇರುವುದು ರೋಮನ್ ಸಂಕೇತಗಳು, ಫಾಂಟು ಅವಕ್ಕೆ ಕನ್ನಡದ ವೇಷ ತೊಡಿಸುತ್ತದೆ, ಅಷ್ಟೆ. ಪರಿವರ್ತಕ ಬರೆಯಲು ಕೈ ತುರಿಸುತ್ತಿದೆ. ಅದರಲ್ಲಿ ನನಗೆ ಬಹಳ ಇಷ್ಟವಾದ ಗಂಟು ಅರ್ಕಾವತ್ತು. ‘ಕಾರ್ಯ’ ಎಂಬಲ್ಲಿ ಕಣ್ಣು ನೋಡುವ ಕ್ರಮದಲ್ಲಿ ‘ಯ’ ಮೊದಲು, ಅರ್ಕಾವತ್ತು ಆಮೇಲೆ; ಹಳೆಯ ಫಾಂಟುಗಳು ಹಾಗೆಯೇ ಕೂಡಿಡುತ್ತವೆ. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ‘ರ್’ ಅನ್ನು ಮೊದಲು ಇಡುತ್ತದೆ. ಅಂದರೆ ಅರ್ಕಾವತ್ತು ಸಿಕ್ಕಾಗ ಹಿಂದಕ್ಕೆ ನಡೆದು, ಒತ್ತುಗಳನ್ನೂ ಕಾಗುಣಿತವನ್ನೂ ದಾಟಿ, ಆ ಗುಣಿತಾಕ್ಷರದ ಆರಂಭವನ್ನು ಹಿಡಿಯಬೇಕು. ಆಗಲೇ ಬೋರ್ಡಿನಲ್ಲಿ ಒಂದು ಕಾರ್ಡ್ ಹಾಕಿದ್ದೇನೆ, ‘ಮುಂದೆ’ ಎಂಬ ಕಂಬದಲ್ಲಿ.

ಹುಡುಕಾಟದ ತೊಡಕಿನ ಮೂರನೆಯ ಪದರ ವಿಭಕ್ತಿ. ‘ಸರ್ವರ್’ ಎಂದು ಹುಡುಕಿದರೆ ‘ಸರ್ವರಿನಲ್ಲಿ’ ಸಿಗಬೇಕಲ್ಲವೇ? ಪದದ ಮೊದಲ ಭಾಗ ಹೊಂದಿದರೆ ಸಾಕು ಎಂದರೂ ಸಿಗದು, ಏಕೆಂದರೆ ಒಂದರಲ್ಲಿ ಕೊನೆಗೆ ಹಲಂತವಿದೆ, ಇನ್ನೊಂದರಲ್ಲಿ ಅದೇ ಜಾಗಕ್ಕೆ ಗುಡಿಸು ಬಂದಿದೆ. ಪದಮೂಲವನ್ನು ಬಿಡಿಸುವ ಸಿದ್ಧ ಉಪಕರಣಕ್ಕಾಗಿ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಕಡೆಗೂ ಇಣುಕಿದೆ. ನಾನು ನೋಡಿದ ಆವೃತ್ತಿಯಲ್ಲಿ ಹಿಂದಿ, ತಮಿಳು, ನೇಪಾಳಿ ಇದ್ದವು, ಕನ್ನಡ ಇರಲಿಲ್ಲ. ಆ ಪಟ್ಟಿ ನೋಡಿ ಮನಸ್ಸಿಗೆ ಚುಚ್ಚಿತು, ನಿಜ.

2020ರ ಡಿಸೆಂಬರಿನಲ್ಲಿ ಬಂದ ಎಸ್‌ಕ್ಯುಲೈಟ್ 3.34ರಿಂದ ಪಠ್ಯವನ್ನು ಮೂರು ಮೂರು ಕೋಡ್‌ಪಾಯಿಂಟುಗಳ ತುಣುಕಾಗಿಸುವ ಟ್ರೈಗ್ರಾಮ್ ಟೋಕನೈಸರ್ ಇದೆ, ಪದದ ನಡುವಿನ ತುಣುಕನ್ನೂ ಹಿಡಿಯುತ್ತದೆ. ಅದನ್ನೂ ಹಾಕಿ ನೋಡಿದೆ. ಮೂರಕ್ಕಿಂತ ಕಡಿಮೆ ಕೋಡ್‌ಪಾಯಿಂಟ್ ಇದ್ದರೆ ಅದು ಏನನ್ನೂ ಕೊಡುವುದಿಲ್ಲ. ‘ಹಣ’ ಎರಡು, ‘ದರ’ ಎರಡು. ಹಣ, ದರ ಎರಡೂ ಸಿಗದ ಹುಡುಕಾಟವನ್ನು ಒಂದು ಕಂಪನಿಗೆ ಹೇಗೆ ಕೊಡಲಿ?

ಕೊನೆಗೆ ನಿಂತದ್ದು ಕೈಯಿಂದ ಬರೆದ ಒಂದು ಸಣ್ಣ ನಿಯಮ. ಮೂರು ಅಥವಾ ಹೆಚ್ಚು ವ್ಯಂಜನಗಳಿರುವ ಪದವಾದರೆ ಕೊನೆಯ ಹಲಂತವನ್ನೋ ಸ್ವರಚಿಹ್ನೆಯನ್ನೋ ಕಳಚಿ, ಉಳಿದ ಭಾಗದಿಂದ ಆರಂಭವಾಗುವ ಎಲ್ಲವನ್ನೂ ತರುವುದು. ‘ಸರ್ವರ’ ಎಂದಾದರೆ ಸರ್ವರಿನ, ಸರ್ವರಿಗೆ ಎಲ್ಲ ಬಲೆಗೆ ಬೀಳುತ್ತವೆ. ಚಿಕ್ಕ ಪದಗಳಿಗೆ ಇದು ಸಲ್ಲದು. ‘ದರ’ ಎಂದರೆ ದರ್ಜೆ, ದರ್ಶನ ಎಲ್ಲ ನುಗ್ಗುತ್ತವೆ. ಅಂಥವಕ್ಕೆ ಪ್ರತ್ಯಯಗಳ ಪಟ್ಟಿಯೊಂದನ್ನು ಮಾಡಿ, ಪದವನ್ನೂ ಅದರ ವಿಭಕ್ತಿ ರೂಪಗಳನ್ನೂ ‘ಅಥವಾ’ ಹಾಕಿ ಜೋಡಿಸುತ್ತೇನೆ: ಬಿಲ್, ಬಿಲ್ಲು, ಬಿಲ್ಲಿನ, ಬಿಲ್ಲಿಗೆ, ಬಿಲ್ಗಳು. ನಿನ್ನೆ ರಾತ್ರಿ ಕೂಡಿಬಂದದ್ದು ಇದೇ.

ಆದರೆ ಯಾವ ವ್ಯಾಕರಣವೂ ಬಿಡಿಸದ ಒಂದು ತೊಡಕು ಉಳಿದಿತ್ತು. ಒಬ್ಬರು ‘ಮರುಪಾವತಿ’ ಎನ್ನುತ್ತಾರೆ, ಇನ್ನೊಬ್ಬರು ‘ರೀಫಂಡ್’, ಮತ್ತೊಬ್ಬರು ‘ಹಣ ವಾಪಸು’. ಮೂರು ಪುಟಗಳು ಹುಟ್ಟಿದ್ದೇ ಹೀಗೆ. ಪ್ರತಿ ಪುಟಕ್ಕೂ ‘ಇತರ ಹೆಸರುಗಳು’ ಎಂಬ ಒಂದು ಜಾಗ ಸೇರಿಸಿದೆ. ಅಲ್ಲಿ ಏನು ಬರೆಯಬೇಕೆಂದು ಯೋಚಿಸಿ ತಲೆ ಕೆಡಿಸಿಕೊಳ್ಳುವುದು ಬೇಡ ಎಂದು, ಶೂನ್ಯ ಫಲಿತಾಂಶ ಕೊಟ್ಟ ಪ್ರತಿ ಹುಡುಕಾಟವೂ ತಾನಾಗಿ ಬೋರ್ಡಿನಲ್ಲಿ ಒಂದು ಕಾರ್ಡ್ ಆಗುವಂತೆ ಮಾಡಿದ್ದೇನೆ. ಯಾರು ಹುಡುಕಿದರು ಎಂಬುದು ಅದರಲ್ಲಿ ಇರುವುದಿಲ್ಲ, ಪದ ಮಾತ್ರ. ಶುಕ್ರವಾರ ಸಂಜೆ ಇಬ್ಬರು ಕುಳಿತು ನೋಡುತ್ತೇವೆ. ಪುಟ ಇದ್ದರೆ ಆ ಪದವನ್ನು ಇತರ ಹೆಸರುಗಳಿಗೆ ಸೇರಿಸುತ್ತೇವೆ; ಇಲ್ಲದಿದ್ದರೆ ವಿಷಯ ಗೊತ್ತಿರುವವರ ಹೆಸರಿಗೆ ಕಾರ್ಡ್ ಹೋಗುತ್ತದೆ. ಜನರಿಗೆ ಏನು ಬೇಕಿದೆ ಎಂದು ಇಷ್ಟು ನೇರವಾಗಿ ತಿಳಿಸುವ ಪಟ್ಟಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೊದಲ ವಾರದಲ್ಲೇ ‘ಗೈರು’ ಎಂಬ ಪದ ನಾಲ್ಕು ಸಲ ಬಂತು. ನಮ್ಮ ಪುಟದ ಹೆಸರು ‘ರಜಾ ನಿಯಮಗಳು’.

ಇವತ್ತು ಮಧ್ಯಾಹ್ನ ಲೆಕ್ಕಪತ್ರದ ಸಹೋದ್ಯೋಗಿ ತಾವಾಗಿಯೇ ಮರುಪಾವತಿಯ ಮೂರು ಪುಟಗಳನ್ನು ಒಂದು ಮಾಡಿದರು. ಮೇಲ್ಗಡೆ ತಮ್ಮ ಹೆಸರು, ಇಂದಿನ ದಿನಾಂಕ, ಇತರ ಹೆಸರುಗಳಲ್ಲಿ ರೀಫಂಡ್, ಹಣ ವಾಪಸು. ಉಳಿದೆರಡನ್ನು ಅಳಿಸುವ ಮೊದಲು ನನ್ನನ್ನು ಕೇಳಲೂ ಇಲ್ಲ. ನನಗೆ ಬಹಳ ಸಂತೋಷವಾಯಿತು.

ಈ ಸಾಲು ಬರೆಯುವಾಗ ಬೋರ್ಡಿನಲ್ಲಿ ಹೊಸ ಕಾರ್ಡ್ ಬಿದ್ದಿದೆ: ‘ವೇಳೆ ಪಟ್ಟಿ’. ಪುಟ ಇದೆ, ಅದರ ಹೆಸರು ‘ವೇಳಾಪಟ್ಟಿ’. ಈ ಕೂಡುಪದಗಳನ್ನು ಏನು ಮಾಡುವುದು ಎಂದು ಯಾರಾದರೂ ಯೋಚಿಸಿದ್ದರೆ ದಯವಿಟ್ಟು ಬರೆಯಿರಿ. ಶನಿವಾರ ಬೆಳಿಗ್ಗೆ ನಾನು ಅದನ್ನೇ ಹಿಡಿಯುವವನಿದ್ದೇನೆ, ಅರ್ಕಾವತ್ತು ಒಂದು ವಾರ ಕಾಯಬೇಕು.