ರಾತ್ರಿ ಒಂಬತ್ತರ ಸೂಜಿ

13 ಜನವರಿ 2025, ಸೋಮವಾರ
ತುಮಕೂರು

ನಾಳೆ ಸಂಕ್ರಾಂತಿ. ಅತ್ತೆ ಅಡುಗೆಮನೆಯಲ್ಲಿ ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದಾರೆ. ನಾನು ಮಂಚದ ಮೇಲೆ ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಕೂತಿದ್ದೇನೆ. ಒಂಬತ್ತಾಯಿತು, ಸೂಜಿ ಟೈಮು.

ಎನಾಕ್ಸಾಪರಿನ್, ಅಂದ್ರೆ ರಕ್ತ ಗಡ್ಡೆ ಕಟ್ಟದ ಹಾಗೆ ತಡೆಯುವ ಔಷಧಿ, ನನ್ನ ತೂಕಕ್ಕೆ 40 ಮಿಲಿಗ್ರಾಂ, ದಿನಕ್ಕೊಂದು. ನನಗೀಗ ಬಸಿರಲ್ಲಿ ಏಳು ತಿಂಗಳು. ಸಿರಿಂಜಿನಲ್ಲಿ ಔಷಧಿ ಮೊದಲೇ ತುಂಬಿರುತ್ತದೆ, ಜೊತೆಗೊಂದು ಪುಟ್ಟ ಗಾಳಿಗುಳ್ಳೆ. ಮೊದಲ ದಿನ ಅದನ್ನು ಹೊರಗೆ ತಳ್ಳಲು ಹೋಗಿ ನರ್ಸ್ ಹತ್ತಿರ ಬೈಸಿಕೊಂಡೆ. ಅದು ಹಾಗೇ ಇರಬೇಕಂತೆ, ತೆಗೆಯಲು ಹೋದರೆ ಔಷಧಿಯೂ ಚೆಲ್ಲುತ್ತದೆ. ಹೊಕ್ಕುಳಿಂದ ಎರಡಿಂಚು ದೂರ, ನಿನ್ನೆ ಎಡಗಡೆ ಅಂದ್ರೆ ಇವತ್ತು ಬಲಗಡೆ. ಚುಚ್ಚಿದ ಜಾಗ ಉಜ್ಜಬಾರದು. ನನ್ನ ಕೈ ಸುಮ್ನಿರಲ್ಲ, ಅದಕ್ಕೇ ಅಲ್ಲಲ್ಲಿ ನೇರಳೆ ಹಣ್ಣಿನ ಬಣ್ಣದ ಕಲೆ.

ಇದೆಲ್ಲ ಯಾಕೆ ಅಂದ್ರೆ ಹೋದ ಸಲದ ಬಾಣಂತನ. ಹೆರಿಗೆಯಾಗಿ ಹನ್ನೆರಡನೇ ದಿನ ಎಡಗಾಲಿನ ಗೆಜ್ಜೆ ಅಲ್ಲಾಡಲಿಲ್ಲ. ಬಲಗಾಲಿನದು ಸಡಿಲವಾಗೇ ಇತ್ತು, ಎಡಗಾಲಿನದು ಮಾಂಸದೊಳಗೆ ಹೂತು ಕೂತಿತ್ತು. ಬಾಣಂತಿ ಊತ ಅಂದರು ಎಲ್ಲರೂ. ಹತ್ತಿರದ ಕ್ಲಿನಿಕ್ಕಿನವರು ಮುಲಾಮು ಕೊಟ್ಟು ಕಳಿಸಿದರು. ಎರಡು ದಿನ ಬಿಟ್ಟು ಬೇರೆ ಕಡೆ, ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದಾಗ ತೊಡೆಯ ನಾಳದಲ್ಲಿ ರಕ್ತ ಗಡ್ಡೆ ಕಟ್ಟಿತ್ತು. ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿದ್ದರೆ ಈ ದಿನಚರಿ ಬರೆಯುವವರು ಇರುತ್ತಿರಲಿಲ್ಲ.

ಹೆರಿಗೆಯಲ್ಲಿ ರಕ್ತ ಬೇಗ ನಿಲ್ಲಲಿ ಅಂತ ಬಸಿರಲ್ಲಿ ರಕ್ತ ತಾನೇ ಬೇಗ ಹೆಪ್ಪುಗಟ್ಟುವ ಹಾಗಾಗುತ್ತದೆ. ಹಾಗಾಗಿ ಗಡ್ಡೆಯ ಭಯ ನಾಲ್ಕೈದು ಪಟ್ಟು ಜಾಸ್ತಿ, ಹೆತ್ತ ಮೇಲಿನ ಆರು ವಾರದಲ್ಲಂತೂ ಇನ್ನೂ ಜಾಸ್ತಿ. ಎಡಗಾಲಿನಿಂದ ವಾಪಸ್ ಬರುವ ರಕ್ತನಾಳವನ್ನು ಹೊಟ್ಟೆಯೊಳಗೆ ಬಲಗಡೆಯ ಅಪಧಮನಿ ಒತ್ತಿಕೊಂಡು ಹಾದು ಹೋಗುತ್ತದಂತೆ, ಅದಕ್ಕೇ ಎಡಗಾಲಿಗೇ ಬರುವುದು ಹೆಚ್ಚು. ಅದೇ ಆರು ವಾರ ನಮ್ಮಲ್ಲಿ ಏನು ಮಾಡುತ್ತೇವೆ? ಕಾಲು ಚಾಚಿ ಮಲಗಿಸುತ್ತೇವೆ, ಮೈಗೆ ನೀರು ತುಂಬುತ್ತೆ ಅಂತ ಬಿಸಿನೀರನ್ನೂ ಪುಟ್ಟ ಲೋಟದಲ್ಲಿ ಅಳೆದು ಕೊಡುತ್ತೇವೆ. ಅಲ್ಲಾಡದೆ, ನೀರು ಕುಡಿಯದೆ ಇದ್ದರೆ ಗಡ್ಡೆ ಕಟ್ಟುವುದು ಇನ್ನೂ ಸುಲಭ. ಅಮ್ಮ ಪ್ರೀತಿಯಿಂದಲೇ ಮಾಡಿದ್ದು, ಅವಳನ್ನು ಏನಂತ ಬೈಯಲಿ.

"ದಿನಾ ಚುಚ್ಚಿಕೊಂಡ್ರೆ ಮಗೂಗೆ ತಾಗಲ್ವೇನೇ?" ಅಂತ ಅತ್ತೆ ಕೇಳುತ್ತಿರುತ್ತಾರೆ. ಸೂಜಿ ಹೋಗುವುದು ಚರ್ಮದ ಕೆಳಗಿನ ಕೊಬ್ಬಿನವರೆಗೆ ಅಷ್ಟೇ. ಔಷಧಿಯ ಕಣವೂ ದೊಡ್ಡದು, ಮಾಸು ದಾಟಿ ಮಗುವಿಗೆ ಹೋಗಲ್ಲ. ಹೋದ ಸಲ ಹಾಲೂಡಿಸುತ್ತಾ ಗಡ್ಡೆಗೇ ಅಂತ ನುಂಗಿದ ವಾರ್ಫರಿನ್ ಮಾತ್ರೆ ಹಾಗಲ್ಲ, ಹಾಲಿಗೆ ತೊಂದರೆ ಮಾಡದಿದ್ದರೂ ಬಸಿರಲ್ಲಿ ಮಾಸು ದಾಟುತ್ತದೆ, ಶುರುವಿನ ತಿಂಗಳುಗಳಲ್ಲಿ ಮಗುವಿನ ಮೂಗು, ಮೂಳೆಯ ಬೆಳವಣಿಗೆಗೇ ಪೆಟ್ಟು ಕೊಡಬಹುದು.

ಈ ಸಲ ಸಂಜೆ ಅಮಾನಿಕೆರೆ ಹತ್ತಿರ ಒಂದು ಸುತ್ತು ನಡಿಗೆ, ತಲೆದಿಂಬಿನ ಪಕ್ಕ ದೊಡ್ಡ ಚೊಂಬು ನೀರು. ನೋವು ಬಂದರೆ ಅವತ್ತಿನ ಸೂಜಿ ಹಾಕಿಕೊಳ್ಳದೆ ಸೀದಾ ಆಸ್ಪತ್ರೆಗೆ ಅಂತ ಡಾಕ್ಟರ್ ಹೇಳಿದ್ದಾರೆ, ಬೆನ್ನಿಗೆ ಅರಿವಳಿಕೆ ಕೊಡಬೇಕಾದರೆ ಈ ಡೋಸ್ ಆಗಿ 12 ಗಂಟೆಯಾದರೂ ಕಳೆದಿರಬೇಕು. ಹೆತ್ತ ಮೇಲೆ ಮತ್ತೆ ಆರು ವಾರ ಇದೇ ಸೂಜಿ.

ಚುಚ್ಚಿಯಾಯಿತು. ಉಜ್ಜಲಿಲ್ಲ. ಖಾಲಿ ಸಿರಿಂಜನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕುವಷ್ಟರಲ್ಲಿ ಅತ್ತೆ ಒಳಗಿಂದ ಕೂಗಿದರು, ಕೊಬ್ಬರಿ ಹೆಚ್ಚಿ ಕೈ ನೋಯ್ತಿದೆ, ನಿನ್ನ ಸೂಜಿ ಮುಗಿದಿದ್ರೆ ಬಂದು ಬೆಲ್ಲ ಹೆಚ್ಚು ಅಂತ.